ಮೂವತ್ತೊಂದು ಚೌಕ

ಬೆಕ್ವಾಯ್ ಸಂತೆಬೀದಿಯಲ್ಲಿ ನಾನು ಸುಸು ವಸೂಲಿಯವ.
ಸುಸು ಅಂದರೆ ದಿನದ ಪುಡಿ ಉಳಿತಾಯ.
ಬಗಲಿಗೆ ಚೀಲ, ಕಿವಿಗೆ ಪೆನ್ನು,
ನೂರಾ ಹನ್ನೆರಡು ಅಂಗಡಿ.
ಒಬ್ಬೊಬ್ಬಳಿಗೆ ಒಂದು ಹಳದಿ ಕಾರ್ಡು,
ಕಾರ್ಡಿಗೆ ಮೂವತ್ತೊಂದು ಚೌಕ,
ಕೊಟ್ಟ ದಿನಕ್ಕೆ ಒಂದು ಗೀಟು.
ತಿಂಗಳ ಕೊನೆಗೆ ಗಂಟು ಅವರದು,
ಒಂದು ದಿನದ ದುಡ್ಡು ನನ್ನದು.
ಈ ಬ್ಯಾಂಕಿಗೆ ಬಾಗಿಲಿಲ್ಲ, ಸವೆದ ಚಪ್ಪಲಿ ಇದೆ.

ಗೀಟು ಓದಲು ಯಾರಿಗಾದರೂ ಬರುತ್ತದೆ.
ನಾನು ಓದುವುದು ಖಾಲಿ ಚೌಕ.
ಮೀನಿನ ಅನಿಮಾಳ ಕಾರ್ಡಿನಲ್ಲಿ ಸಾಲಾಗಿ ನಾಲ್ಕು ಖಾಲಿ:
ಮಗುವಿಗೆ ಜ್ವರ.
ಬಟ್ಟೆಯ ಪೊಕುವಾ ಸೋಮವಾರ ಮಾತ್ರ ತಪ್ಪಿಸುತ್ತಾಳೆ:
ಭಾನುವಾರ ಗಂಡ ಬಂದು ಹೋಗಿರುತ್ತಾನೆ.
ಶಾಲೆ ತೆರೆಯುವ ವಾರ ಇಡೀ ಬೀದಿಯೇ ಖಾಲಿ.

ಸೆಚಿವಾಳ ಕಾರ್ಡು ಮಾತ್ರ
ಹರೆಯದ ಬಾಯಿಯ ಹಾಗೆ,
ಒಂದು ಹಲ್ಲೂ ಉದುರಿಲ್ಲ.

ಅವಳದು ಕರಿಸೋಪು.
ಕೋಕೋ ಕಾಯಿಯ ಸಿಪ್ಪೆ ಒಣಗಿಸಿ, ಸುಟ್ಟು,
ಬೂದಿ ಜರಡಿ ಹಿಡಿದು, ಕ್ಷಾರದ ನೀರು ಬಸಿದು
ತಾಳೆಬೀಜದ ಎಣ್ಣೆಗೆ ಸುರಿದು
ಹೊತ್ತು ಮುಳುಗುವ ತನಕ ತಿರುವುತ್ತಾಳೆ.
ಮೊಣಕೈ ತನಕ ಸುಟ್ಟ ಕಲೆ.
ಕೊಳ್ಳುವವರ ಮೈ ನುಣ್ಣಗೆ.

ಹೋದ ವರ್ಷ ಸಾಲದ ಕಚೇರಿಯಿಂದ ಒಬ್ಬ ಹುಡುಗ ಬಂದ,
ಇಸ್ತ್ರಿ ಅಂಗಿ, ಕೈಯಲ್ಲಿ ಅರ್ಜಿ.
ನಾನು ಬೆಂಚಿನ ಮೇಲೆ ಚಿಲ್ಲರೆ ಜೋಡಿಸುತ್ತಿದ್ದೆ.
"ವ್ಯಾಪಾರ ಯಾಕೆ ಶುರು ಮಾಡಿದಿರಿ?
ಲಾಭಕ್ಕೋ, ಸ್ವಾತಂತ್ರ್ಯಕ್ಕೋ, ಬೇರೆ ಕೆಲಸ ಸಿಗದ್ದಕ್ಕೋ?
ಒಂದಕ್ಕೇ ಗುರುತು ಹಾಕಬೇಕು."

ಸೆಚಿವಾ ಸೌಟು ನಿಲ್ಲಿಸಲಿಲ್ಲ.
"ಮನೆಗೊಂದು ಜರಡಿ ಬೇಕಿತ್ತು. ಹಿಟ್ಟಿನ ಜರಡಿ.
ಗಂಡನ ಹತ್ತಿರ ದುಡ್ಡು ಕೇಳಿದೆ.
ಕೊಟ್ಟ. ಒಳ್ಳೆಯವನೇ, ಇಲ್ಲ ಅಂದವನಲ್ಲ.
ಎಣಿಸಿ ಕೊಟ್ಟ.
ನನ್ನ ಕೈಗೆ ಬಂದದ್ದನ್ನು ವಾಪಸು ತಗೊಂಡು
ಇನ್ನೊಂದು ಸಲ ಎಣಿಸಿದ.
ಬರೆದುಕೋ ತಮ್ಮಾ,
ಆ ಎರಡನೇ ಎಣಿಕೆಯಲ್ಲಿ ಶುರುವಾದದ್ದು ಇದು."

ಹುಡುಗ ಅರ್ಜಿಯ ತುಂಬ ಹುಡುಕಿದ.
'ಇತರೆ' ಅಂತ ಬರೆದುಕೊಂಡ.
ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂದದ್ದಕ್ಕೆ
ಅವಳು ಎರಡು ಹೊಸ ಕಡಾಯಿ ತೋರಿಸಿದಳು,
ಗೋಡೆಯ ನೆರಳಲ್ಲಿ ಉಣ್ಣುತ್ತಿದ್ದ
ಕೆಲಸದ ಮೂರು ಹುಡುಗಿಯರನ್ನು ತೋರಿಸಿದಳು.
ತಟ್ಟೆಯಲ್ಲಿ ಮೀನಿತ್ತು.
ಅದಕ್ಕೂ ಅರ್ಜಿಯಲ್ಲಿ ಜಾಗವಿರಲಿಲ್ಲ.
ಸಾಲ ಬರಲಿಲ್ಲ.

ಇನ್ನು ನನ್ನ ಮಾತು.
ಅದೇ ನವೆಂಬರಿನಲ್ಲಿ, ಬೆಟ್ಟಿಂಗ್ ಅಂಗಡಿಯ ಟೀವಿ ಮುಂದೆ,
ನೂರಾ ಹನ್ನೆರಡು ಹೆಂಗಸರ ದುಡ್ಡಿಗೆ ಕೈ ಹಾಕಿದೆ.
ನಾಳೆ ತುಂಬಿಸಿದರಾಯಿತು ಅಂದುಕೊಂಡೆ.
ಯಾವುದೋ ದೂರದ ದೇಶದ ಹನ್ನೊಂದು ಹುಡುಗರು
ಗೋಲು ಹೊಡೆಯಲಿಲ್ಲ.
ತಿಂಗಳ ಗಂಟು ಆರು ದಿನ ತಡವಾಯಿತು. ಜ್ವರ ಅಂದೆ.
ಭಾವನ ಕಾಲು ಹಿಡಿದು ತುಂಬಿಸಿದೆ,
ಒಂದು ಸೆಡಿಯೂ ಕಮ್ಮಿಯಿಲ್ಲ.
ಯಾರೂ ಬಾಯಿ ಮಾಡಲಿಲ್ಲ.

ಸೆಚಿವಾ ಕೈ ಒರೆಸಿಕೊಂಡು ಗಂಟು ತಗೊಂಡಳು.
ಹನ್ನೊಂದು ವರ್ಷದಲ್ಲಿ ಅವಳು ಎಣಿಸಿದ್ದನ್ನು ಕಂಡಿಲ್ಲ,
ಹಾಗೇ ಸೊಂಟದ ಬಟ್ಟೆಗೆ ಸಿಕ್ಕಿಸುತ್ತಿದ್ದಳು.
ಅವತ್ತು ಎಣಿಸಿದಳು.
ಸರಿಯಾಗಿತ್ತು.
ಬೆರಳು ಒದ್ದೆ ಮಾಡಿಕೊಂಡು
ಮತ್ತೆ ಮೊದಲಿಂದ ಶುರು ಮಾಡಿದಳು.

ಕಡಾಯಿ ಗುಳುಗುಳು ಅನ್ನುತ್ತಿತ್ತು.
ಹುಡುಗಿಯರು ಉಣ್ಣುವುದು ನಿಲ್ಲಿಸಿ ನೋಡುತ್ತಿದ್ದರು.
ನಾನು ಹೊಸ ತಿಂಗಳ ಕಾರ್ಡು ಹಿಡಿದು,
ಮೂವತ್ತೊಂದೂ ಖಾಲಿ,
ಅವಳು ತಗೊಳ್ಳುತ್ತಾಳೋ ಇಲ್ಲವೋ ತಿಳಿಯದೆ
ಕೈ ಚಾಚಿಕೊಂಡೇ ನಿಂತಿದ್ದೆ.