ಒಂದು ಬಕೀಟು ಕೆಮ್ಮಣ್ಣು

ಇಲ್ಲಿ ಅಯಸ್ಕಾಂತಕ್ಕೂ ಗಡ್ಡ ಬರತೈತಿ.
ಒಡೆದ ಸ್ಪೀಕರಿನಿಂದ ಕಿತ್ತ ಬಿಲ್ಲಿ
ದಾರಕ್ಕ ಕಟ್ಟಿ ಡೋಣಿಯ ದಾರಿಗುಂಟ ಎಳಕೊಂಡು ಹೋಗ್ರಿ,
ಹತ್ತು ಹೆಜ್ಜಿಗೆ ಚಿಗುರು ಮೀಸಿ, ಐವತ್ತಕ್ಕ ಸನ್ಯಾಸಿ.
ಕಪ್ಪತಗುಡ್ಡದ ಬುಡದ ಮಣ್ಣು ಇದು,
ಕಬ್ಬಿಣ ತಿಂದು ಕೆಂಪಾದದ್ದು.

ನನ್ನ ಹಳೇ ಡಿಟೆಕ್ಟರು ಎರಿ ಹೊಲದಾಗ ಭಾಳ ಶ್ಯಾಣ್ಯಾ,
ಉಂಗುರ ಅಂದ್ರ ಉಂಗುರ, ಮೊಳಿ ಅಂದ್ರ ಮೊಳಿ.
ಈ ಕಡೆ ಬಂದ್ರ
ಬಾಲ ತುಳಿಸಿಕೊಂಡ ಬೆಕ್ಕು.
ಇಟ್ಟಲ್ಲೆಲ್ಲ ಬೆಳ್ಳಿ ಅಂತೈತಿ,
ಅಗೆದಲ್ಲೆಲ್ಲ ಮಣ್ಣು.

ತಾಂಡಾದ ಘಮ್ಲಿಬಾಯಿ ಬದುವಿನ ಮ್ಯಾಲ ಕೂತು ನೋಡತಿದ್ದಳು.
ಹುಲ್ಲು ಕೊಯ್ಯುವಾಗ ಬಲಗಡೆಯ ಟೋಪ್ಲಿ ಕಳಚಿ ಬಿದ್ದದ್ದು,
ಎರಡು ಎಕರೆದಾಗ ಎಲ್ಲೋ.
ಹನ್ನೆರಡನೆಯ ಗುಂಡಿ ಮುಚ್ಚಿದ ಮ್ಯಾಲ ಅಂದಳು:
"ನಿನ್ನ ಮಷಿನ್ನಿಗೆ ಕಿವಿ ಅದಾವು, ತಿಳುವಳಿಕಿ ಇಲ್ಲ."
ಎಡಗಡೆಯದನ್ನ ಬಿಚ್ಚಿದಳು,
ಅರಿವೆಯ ಚೂರಿನಾಗ ಸುತ್ತಿ ನನ್ನ ಕೈಯಾಗಿಟ್ಟಳು.
"ಇದರ ದನಿ ಕಲಿಸಿಕೊಂಡು ಬಾ."

ಪೇಂಟಿನ ಬಕೀಟಿನಾಗ ಮಣ್ಣು, ಅಂಗಿಯ ಒಳಕಿಸೆದಾಗ ಬೆಳ್ಳಿ,
ಹುಬ್ಬಳ್ಳಿ ಬಸ್ಸಿನಾಗ ಕೂತೆ.
ಕಂಡಕ್ಟರ್ ಮುಚ್ಚಳ ತೆಗೆದು ನೋಡಿದ:
"ಹುಬ್ಬಳ್ಳಿಯಾಗ ಮಣ್ಣಿಲ್ಲೇನ್ರಿ?"
ಹಿಂದಿನ ಸೀಟಿನವ ಕಿವಿಯಾಗ ಕೇಳಿದ:
"ನಿಧಿ?"
ಅಣ್ಣೀಗೇರಿ ದಾಟೂತನಕ ಇಬ್ಬರಿಗೂ ಉತ್ತರ ಕೊಡಲಿಲ್ಲ.

ಹಳೇ ಬಸ್‌ಸ್ಟ್ಯಾಂಡ್ ಹಿಂದ, ದಾವಲಸಾಬನ ಅಂಗಡಿ.
"ಇದು ಮೂರು ಫೂಟು ಆಳ ನೋಡತೈತಿ," ಅಂದ.
"ಯಾರ ಮಣ್ಣಾಗ?" ಅಂತ ಬಕೀಟು ಇಟ್ಟೆ.
ಮೊದಲನೆಯದು ಒದರಿತು. ಎರಡನೆಯದೂ.
ನಾವಿಬ್ಬರೂ ಗಾಬರಿ.
ಆಮ್ಯಾಲ ನೆನಪಾತು, ಬಕೀಟಿನ ಹಿಡಿಕಿ ತಂತಿದು!
ಕಿತ್ತು ಒಗೆದರೂ ಒದರೂದು ನಿಲ್ಲಲಿಲ್ಲ,
ಕಿತ್ತದ್ದಕ್ಕ ನಾಚಿಕಿ ಮಾತ್ರ ಉಳೀತು.

ಮೂರನೆಯದಕ್ಕ ಗಂಗಾಳದಂಥ ಕಾಯಿಲ್.
"ದೊಡ್ಡ ತಾಟು ಇದ್ದವ ಮಣ್ಣೂ ದೊಡ್ಡದ ಉಣ್ಣತಾನ," ಅಂದ ದಾವಲಸಾಬ,
ತಾನ ತೆಗೆದಿಟ್ಟ.
ಸಣ್ಣ ಕಾಯಿಲ್ ಹಾಕಿದ, ಸೆನ್ಸಿಟಿವಿಟಿ ತಿರುವಿ ಅರ್ಧಕ್ಕ ಇಳಿಸಿದ.
ಇಳಿಸಿದಷ್ಟೂ ಚಲೋ ಕೇಳತಿತ್ತು.
ಹೆಂಗ ಅಂತ ಕೇಳಿದ್ದಕ್ಕ,
"ಸಂತ್ಯಾಗ ಕೂಸು ಅತ್ತರ ಕಿವಿ ಮುಚ್ಚಿಗೊಂಡವಗ ಕೇಳತೈತಿ," ಅಂದ.
ಒಪ್ಪಲಿಲ್ಲ ನಾನು, ಆದರ ಟೋಪ್ಲಿ
ನಾಲ್ಕು ಬೆರಳು ಆಳದಾಗ ಸಿಕ್ಕಿತು.
ಒಂದು ಗೇಣಿಗೆ ಇಳಿಸಿದರ ಮತ್ತ ಮೌನ.

ಕಡೀಕ ಕಪಾಟಿನ ಮ್ಯಾಲಿಂದ ಒಂದು ಕರೀ ಪೆಟ್ಟಿಗಿ ಇಳಿಸಿದ.
ಪರದೆ ಇಲ್ಲ, ನಂಬರ್ ಇಲ್ಲ,
ಮಣ್ಣಿನ ಮ್ಯಾಲ ಆಡಿಸಿದರ ಸುಮ್ಮನ.
ತಳಕ್ಕ ಟೋಪ್ಲಿ ಹುಗಿದೆವು, ಮ್ಯಾಲ ಬಕೀಟು ತುಂಬ ಕೆಮ್ಮಣ್ಣು.
ಅದು ಬಾಯಿ ತೆರೀಲಾರದವರಂಗ,
ಹೂಂ.

"ಒಂದು ಮಾತು," ಅಂದ ದಾವಲಸಾಬ.
"ಇದು ಮಣ್ಣಿಗೆ ಸುಮ್ಮನಿರೂದು ಕಲಿತೈತಿ,
ಕಬ್ಬಿಣ ಬೆಳ್ಳಿ ಭೇದ ಕಲಿತಿಲ್ಲ.
ಹೂಂ ಅಂದಲ್ಲೆಲ್ಲ ಅಗೀಬೇಕು ನೀ."
ಹಳೇದನ್ನ ಅಲ್ಲೇ ಬಿಟ್ಟೆ, ಉಳಿದದ್ದಕ್ಕ ಒಂಬತ್ತು ಕಂತು.
ಗಾಜಿನ ಮ್ಯಾಲ ಚೆಲ್ಲಿದ ಕೆಂಪನ್ನ ಅವನ ಹುಡುಗ ಒರೆಸತಿದ್ದ,
ಹೋಗತಿರಲಿಲ್ಲ.

ಇವತ್ತು ಹೊಲದಾಗ ಮೌನ.
ನಲವತ್ತು ಹೆಜ್ಜಿ ಮೌನ ಆದ ಮ್ಯಾಲ ಹೆದರಿಕಿ ಬಂತು,
ಕೆಟ್ಟಿತೇನು?
ಘಮ್ಲಿಬಾಯಿ ತನ್ನ ಎಡಗಡೆಯದನ್ನ ನೆಲಕ್ಕ ಮುಟ್ಟಿಸಿದಳು,
ಹೂಂ.
ಕೆಟ್ಟಿಲ್ಲ.

ಎತ್ತಿನ ಲಾಳ ಒಂದು. ಸೋಡಾ ಬಾಟ್ಲಿ ಮುಚ್ಚಳ. ಮುರಿದ ಕುಡಗೋಲಿನ ತುದಿ,
"ಇದು ನಮ್ಮತ್ತೀದು," ಅಂತ ಆಕಿ ಮಡಿಲಾಗ ಇಟ್ಟುಕೊಂಡಳು,
ಹುಡುಕೂದು ಮರೆತವರಂಗ ಸ್ವಲ್ಪ ಹೊತ್ತು ಒರೆಸಿದಳು.
ಗುಡ್ಡದ ಮ್ಯಾಲ ಗಾಳಿ ಫ್ಯಾನು ನಿಂತಾವು.
ಹುಣಸಿ ಗಿಡದ ನೆರಳು ಮುಟ್ಟುವಲ್ಲಿ
ಮತ್ತೊಂದು ಹೂಂ.
ಸಲಿಕಿ ಆಕಿ ಕೈಯಾಗೈತಿ,
ನನಗ ಕೊಡವಲ್ಲಳು.