ಸುಮ್ಮನಿರುವ ಖರ್ಚು

ಉದ್ದ ಐದು ಹೆಜ್ಜೆ, ಅಗಲ ಮೂರು.
ಒಂದು ಮಂಚ, ಮೇಜು, ಪರದೆಯ ಹಿಂದೆ ಶೌಚ,
ಹೆಲ್ಸಿಂಕಿಯ ಮಂಜನ್ನು ತೋರಿಸುವ, ಆದರೆ ತೆರೆಯದ ಕಿಟಕಿ.
ಬಾಗಿಲಿಗೆ ರಬ್ಬರಿನ ತುಟಿ.
ಅದು ಕಚ್ಚಿಕೊಂಡರೆ ಒಳಗಿನ ಗಾಳಿಗೆ ಎರಡೇ ದಾರಿ,
ಬರಲೊಂದು ಕೊಳವೆ, ಹೋಗಲೊಂದು ಕೊಳವೆ,
ನಡುವೆ ಮಿರ್ಯಾ.

ಬಂದ ಗಾಳಿ ಹೇಗಿತ್ತು, ಹೋದದ್ದು ಹೇಗಿದೆ,
ಕೂಡಿ ಕಳೆದರೆ ಸಿಗುವುದು
ಅವಳು ಒಳಗೊಳಗೇ ಉರಿಸಿದ ಸೌದೆ.
ವಿದ್ಯೆ ಇಷ್ಟೇ.
ನಾನು ರಾತ್ರಿ ಪಾಳಿಯವನು,
ಗಾಜಿನಾಚೆ ಕೂತು ಒಂದು ಗೆರೆಯನ್ನು ಕಾಯುವವನು.

ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದ ಹೆಂಗಸು.
ಹಸಿವೆಗೂ ಅವಳಿಗೆ ವೇಳಾಪಟ್ಟಿಯಿತ್ತು:
ಕೊನೆಯ ನಿಲ್ದಾಣದಲ್ಲಿ ಏಳು ನಿಮಿಷ,
ಕಪ್ಪು ರೈ ರೊಟ್ಟಿ, ಸೌತೆಕಾಯಿ, ಫ್ಲಾಸ್ಕಿನ ಕಾಫಿ,
ಗಂಟೆ ಬಾರಿಸು, ಹೊರಡು.
ನಿವೃತ್ತಿಯ ಮೇಲೆ ಗಂಟೆಯಿಲ್ಲ.
ಹಸಿವೆ ಯಾವ ಕಂಬದ ಕೆಳಗೆ ನಿಂತು ಕೈ ತೋರಿತೋ,
ಇವಳು ನಿಲ್ಲಿಸಲಿಲ್ಲ.
ವರ್ಷದಲ್ಲಿ ಆರು ಕಿಲೋ ಇಳಿದುಹೋದವು
ಟಿಕೆಟ್ಟಿಲ್ಲದವರ ಹಾಗೆ, ಹಿಂದಿನ ಬಾಗಿಲಿಂದ.

ಇನ್ನೊಂದು ಗ್ರಾಮೂ ಕಳೆಯಕೂಡದು ಎಂದರು ವೈದ್ಯರು.
ಏರುವುದೂ ಬೇಡ. ಇಳಿಯುವುದೂ ಬೇಡ.
ಇದ್ದಷ್ಟನ್ನು ಇದ್ದ ಹಾಗೆ ಇಟ್ಟುಕೊಳ್ಳಲು
ದಿನಕ್ಕೆಷ್ಟು ಬೇಕು?
ಮನುಷ್ಯರು ಪಡಬಹುದಾದ ತೀರಾ ಸಣ್ಣ ಆಸೆ,
ಅದಕ್ಕೆ ಇಷ್ಟೆಲ್ಲ ಯಂತ್ರ.

ಊಟ ಗೋಡೆಯ ಕಿಂಡಿಯಿಂದ.
ಓಟ್ಸ್ ಗಂಜಿ ಇನ್ನೂರ ಹತ್ತು ಗ್ರಾಂ, ಬೆಣ್ಣೆ ಎಂಟು,
ತಟ್ಟೆಯಲ್ಲಿ ಬಿಟ್ಟ ಚೂರೂ ವಾಪಸು, ಅದಕ್ಕೂ ತಕ್ಕಡಿ.
'ನಮ್ಮತ್ತೆಯೂ ಹೀಗೇ ಇದ್ದಳು'
ಎಂದಳು ಮಿರ್ಯಾ, ಮೈಕಿನೊಳಗೆ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು.
ಸರಿ. ಎಷ್ಟು ಸಾಲದು ಅಂತ
ಅಳೆದವರಾರು?
ಹತ್ತು ಗಂಟೆಗೆ ದೀಪ ಆರಿಸಿದಳು,
ಗೆರೆ ಮಲಗಿತು ಅವಳ ಜೊತೆ,
ಮಲಗಿದರೂ ಸೊನ್ನೆಗೆ ಮುಟ್ಟಲಿಲ್ಲ.
ಮುಟ್ಟುವುದು ಒಮ್ಮೆ ಮಾತ್ರ, ಎಲ್ಲರಿಗೂ.

ಮೂರೂ ಹತ್ತಕ್ಕೆ ನಾನು ತಲೆಯೆತ್ತಿದೆ.
ಕಂಬಳಿಯಡಿ ಅವಳ ಬಲಗಾಲು
ಏನನ್ನೋ ತುಳಿಯುತ್ತಿತ್ತು. ಬಲವಾಗಿ. ಮತ್ತೊಮ್ಮೆ.
ಹಿಮ್ಮಡಿ ಮಂಚದ ಕಟ್ಟಿಗೆ ತಗುಲಿ ನಿಂತಿತು.
ಗಾಳಿಗೆ ಸುದ್ದಿ ತಡವಾಗಿ ತಲುಪುತ್ತದೆ:
ಕಾಲು ಸಡಿಲಾದ ಎಷ್ಟೋ ಹೊತ್ತಿಗೆ
ಗೆರೆಗೊಂದು ಗೂನು ಬಂತು.
ಷರಾ ಕಾಲಮ್ಮಿನಲ್ಲಿ ಬರೆಯಲು ನಮಗೆ ಮೂರೇ ಪದ,
ಎಚ್ಚರ, ಚಲನೆ, ಶೌಚ.
'ಬ್ರೇಕ್' ಎಂದು ಬರೆದೆ.

ಬೆಳಿಗ್ಗೆ ಓಸ್ಮೊ ಬಂದ, ಕಾಗದ ಹಿಡಿದು.
ಅಲ್ಲಾಡದೆ ಬಿದ್ದಿರಲು ಸಾವಿರದ ಮುನ್ನೂರ ಹನ್ನೆರಡು;
ಅಂಗಡಿ, ಮೆಟ್ಟಿಲು, ಬಟ್ಟೆ ಒಣಹಾಕುವುದು ಸೇರಿಸಿ
ಒಂದೂ ನಾಲ್ಕು ದಶಾಂಶದಿಂದ ಗುಣಿಸಿದರೆ
ಸಾವಿರದ ಎಂಟುನೂರ ಮೂವತ್ತೇಳು ಕ್ಯಾಲೊರಿ.
'ಬಿದ್ದಿರುವುದಕ್ಕೇ ಅಷ್ಟಾ?'
'ಯಕೃತ್ತು, ಮಿದುಳು, ಹೃದಯ, ಮೂತ್ರಪಿಂಡ,
ಅವು ರಜೆ ಹಾಕುವುದಿಲ್ಲ.'
'ಯೂನಿಯನ್ ಇಲ್ಲವಾ ಪಾಪ!'
ನಕ್ಕಳು. ಆಮೇಲೆ ಆ ಗೂನಿನ ಮೇಲೆ ಬೆರಳಿಟ್ಟಳು.

ಎಂಬತ್ತೊಂಬತ್ತರ ಫೆಬ್ರವರಿ. ಆಸ್ಪತ್ರೆಯ ತಿರುವು.
ಕೆಂಪು ಟೊಪ್ಪಿ, ಕೈಯಲ್ಲೊಂದು ಪ್ಲಾಸ್ಟಿಕ್ ಜಾರುಬಂಡಿ,
ಹಿಮದ ಗುಡ್ಡೆಯ ಹಿಂದಿನಿಂದ ಹಳಿಗೆ ಬಂದಿದ್ದ.
'ಏನೂ ಆಗಲಿಲ್ಲ ಅವನಿಗೆ. ಅತ್ತೂ ಇಲ್ಲ.
ಈಗ ಮೀಸೆ ಬಂದು ನರೆತಿರಬೇಕು.
ನಾನು ಮಾತ್ರ ಇನ್ನೂ ನಿಲ್ಲಿಸುತ್ತಲೇ ಇದ್ದೀನಿ.'

ಓಸ್ಮೊ ಕನ್ನಡಕ ಒರೆಸಿಕೊಂಡ.
ಇಂಥವನ್ನು ಅಪವಾದವೆಂದು ತೆಗೆದುಬಿಡಬಹುದು,
ಮೊತ್ತಕ್ಕೇನೂ ಧಕ್ಕೆಯಿಲ್ಲ, ಹೆಚ್ಚೆಂದರೆ
ಕಾಲು ತುತ್ತು ರೊಟ್ಟಿ.

'ತೆಗೆಯಬೇಡ,' ಎಂದಳು, ಕೋಟಿನ ಗುಂಡಿ ಹಾಕುತ್ತಾ.
'ಅದು ವಾರಕ್ಕೆರಡು ಸಲ ಇದ್ದದ್ದೇ.
ಕಾಲು ತುತ್ತು ಅವನ ಹೆಸರಲ್ಲಿ ತಿಂತೀನಿ.'
ಅಂಗೈ ಮೇಲೆ ಪೆನ್ನಿನಿಂದ ೧೮೩೭ ಎಂದು ಬರೆದುಕೊಂಡು,
ಯಾವುದೋ ಹೊಸ ಮಾರ್ಗದ ನಂಬರು ಎಂಬಂತೆ ಎರಡು ಸಲ ಓದಿ,
ಗೋಡೆಯ ಗಡಿಯಾರ ನೋಡಿದಳು.
'ಏಳೂ ನಲವತ್ತು. ಇಲ್ಲಿ ಹತ್ತಿರ
ಬಿಸಿಯಾಗಿ ಏನು ಸಿಗುತ್ತೆ?'