ಆರು ಸೆಕೆಂಡು

ಗುರುವಾರ ಸಂಜೆ, ಡುಲೂತ್ ಊರಿನ ಚರ್ಚಿನ ನೆಲಮಾಳಿಗೆ.
ಮಡಿಸುವ ಮೇಜು, ಅದರ ಒಂದು ಕಾಲಿಗೆ
ರಟ್ಟಿನ ಚೂರು ಆಸರೆ.
ಹೊರಗೆ ಸರೋವರದ ಮೇಲೆ ಮಂಜು. ಅದಿರು ತುಂಬಿದ ಹಡಗೊಂದು
ಸೇತುವೆ ಎತ್ತಿರೆಂದು ಕೂಗುತ್ತಿದೆ.
ಒಳಗೆ ನಾವು ಐದು ಜನ, ಒಂದು ಗುಹೆ,
ಗುಹೆಯ ಬಾಯಲ್ಲಿ ಒಬ್ಬ ರಾಕ್ಷಸ.

ಆಟ ನಡೆಸುವವಳು ಐಲಿ ಕಂಗಾಸ್.
ಹಗಲು ಹಲ್ಲಿನ ಡಾಕ್ಟರರ ಲೆಕ್ಕ ಬರೆಯುತ್ತಾಳೆ,
ಇರುಳು ನಮ್ಮ ಹಣೆಬರಹ.
ಮೊಣಕೈ ಕೆಳಗೆ ನಿಯಮದ ಪುಸ್ತಕ,
ಬೆನ್ನು ಕಿತ್ತುಬಂದು ಟೇಪು ಸುತ್ತಿಸಿಕೊಂಡದ್ದು.
ಮಂತ್ರವಾದಿಗಳ ಅಧ್ಯಾಯಕ್ಕೆ ಕಾಫಿಲೋಟದ ಉಂಗುರ.

ಅಲ್ಲಿ ಬರೆದಿದೆ:
ಮಂತ್ರವನ್ನು ಬೆಳಿಗ್ಗೆಯೇ ಬಾಯಿಪಾಠ ಮಾಡಬೇಕು.
ಒಮ್ಮೆ ಹೇಳಿದರೆ ತಲೆಯಿಂದ ಅಳಿಸಿಹೋಗುತ್ತದೆ.
(ಮಾತು ಆಡಿದರೆ ಹೋಯಿತು ಎನ್ನುವುದು
ಇಲ್ಲಿ ಗಾದೆಯಲ್ಲ, ಕಾನೂನು.)
ಎಂಟು ಗಂಟೆ ನಿದ್ದೆ ಮಾಡಿದವನಿಗೆ ಮತ್ತೆ ಸಿಕ್ಕೀತು.
ಒಂದು ಕೈ ಖಾಲಿ ಇರಬೇಕು. ಚಿಟಿಕೆ ಗಂಧಕ, ಬಾವಲಿಯ ಹಿಕ್ಕೆ.
ಆಮೇಲೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದ ಸಾಲು:
ಕೇಳಿಸುವಂತೆ ಹೇಳಬೇಕು.
ಬಾಯಿ ಕಟ್ಟಿದವನ ಮಂತ್ರ ನಡೆಯುವುದಿಲ್ಲ.

ಗೆರೆ ಎಳೆದವನು ಆರಿನ್ ಹಾಗ್ಲಂಡ್.
ಡೆಲ್ಮಾರನ ಮಾಟಗಾತಿಯ ಬಾಯಿಗೆ ಶತ್ರುಗಳು ಬಟ್ಟೆ ತುರುಕಿದ್ದ ವರ್ಷ
ಮನಸ್ಸಿನಲ್ಲೇ ಹೇಳಿಕೊಂಡಳು ಎಂದ ಡೆಲ್ಮಾರ್.
ಆಗದು ಎಂದ ಆರಿನ್. ಮುಕ್ಕಾಲು ಗಂಟೆ ವಾದಿಸಿ ಗೆದ್ದ.
ಮೂವತ್ತು ವರ್ಷ ಹಡಗಿನ ಚುಕ್ಕಾಣಿ ಹಿಡಿದವನ ಗಂಟಲು,
ಗೆಲ್ಲದೆ ಏನು.

ಈ ಫೆಬ್ರವರಿಯಲ್ಲಿ ಅವನ ತಲೆಯೊಳಗೊಂದು ನಾಳ ಒಡೆಯಿತು.
ಬಲಗೈ ಅರ್ಧ ಮರಳಿದೆ. ಮಾತು ಮರಳಿಲ್ಲ.
ಹೆಂಡತಿಯನ್ನು ಕಿಟಕಿ ಎಂದು ಕರೆಯುತ್ತಾನೆ.
ಅವಳು ಓಗೊಡುತ್ತಾಳೆ.

ಈಗ ಅವನ ಸರದಿ.
ರಾಕ್ಷಸ ನನ್ನಿಂದ ಮೂರು ಹೆಜ್ಜೆ.
ನಾನು ಕಳ್ಳ, ಜೀವ ಇನ್ನು ಎರಡೇ ಅಂಕ.
ಕೈಸನ್ನೆ ಸಾಕು ಬಿಡು ಐಲಿ, ಎಂದಳು ವೆರ್ನಾ.
ಅವನ ಬದಲು ನಾನು ಓದುತ್ತೇನೆ, ಎಂದ ಅದೇ ಡೆಲ್ಮಾರ್.
ಆರಿನ್ ಎಡಗೈ ಚಾಚಿ ಪುಸ್ತಕ ಎಳೆದುಕೊಂಡ.
ಪುಟ ಹುಡುಕಲಿಲ್ಲ, ತಾನಾಗಿ ತೆರೆಯಿತು.
ಕೆಂಪು ಗೆರೆಯ ಮೇಲೆ ಬೆರಳಿಟ್ಟ.

ಒಂದು ಸರದಿ ಎಂದರೆ ಆರು ಸೆಕೆಂಡು, ಪುಸ್ತಕದ ಪ್ರಕಾರ.
ಐಲಿ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದಳು.

ಎತ್ತಿದ ಗದೆ ಎತ್ತಿದಲ್ಲೇ ನಿಂತಿತು.
ಗೋಡೆಯೊಳಗೆ ಬಿಸಿನೀರಿನ ಕೊಳವೆ ಟಕಟಕ ಅಂದಿತು.
ಹಡಗು ಸೇತುವೆ ದಾಟಿತು, ಸೇತುವೆ ಇಳಿಯಿತು,
ತಡೆದಿದ್ದ ಕಾರುಗಳು ಹೊರಟವು.
ಬೆ, ಎಂದ ಆರಿನ್.

ಬೆಂಕಿ. ನಮಗೆಲ್ಲ ಗೊತ್ತು. ಅವನ ಮೊದಲ ಮಂತ್ರ,
ನೂರು ಗುಹೆ ಸುಟ್ಟಿದ್ದು.
ನನ್ನ ತುಟಿ ಆಗಲೇ ಅದನ್ನು ರೂಪಿಸುತ್ತಿತ್ತು,
ಕಚ್ಚಿ ಹಿಡಿದೆ.
ಬೆ. ಬೆ.

ಬೆಣ್ಣೆ.

ಯಾರೂ ನಗಲಿಲ್ಲ. ಅವನಿಗೇ ಗೊತ್ತಾಯಿತು.
ಹಡಗನ್ನು ಮರಳುದಿಣ್ಣೆಗೆ ಹತ್ತಿಸಿದವನ ಹಾಗೆ ಕಣ್ಣು ಮುಚ್ಚಿದ.
ಐಲಿ ಪುಟ ತಿರುವಿದಳು, ಕೊನೆಯ ಪದಸೂಚಿಯನ್ನೂ.
ಕೇಳಿಸಿತೆ? ಎಂದಳು.
ಕೇಳಿಸಿತು, ಎಂದೆವು.
ಹಾಗಾದರೆ ನಡೆಯಿತು.
ಗುಹೆಯ ನೆಲವೆಲ್ಲ ಬೆಣ್ಣೆ, ಕಣಕಾಲಿನವರೆಗೆ.
ರಾಕ್ಷಸನಿಗಾಗಿ ದಾಳ ಉರುಳಿಸಿದಳು. ಮೂರು ಬಿತ್ತು.
ಗದೆಯ ಸಮೇತ ಅವನೂ.

ಆರಿನ್‌ಗೆ ಸಂತೋಷವೇನೂ ಆಗಲಿಲ್ಲ. ಮೇಜು ಗುದ್ದಿದ,
ರಟ್ಟಿನ ಚೂರು ಜಾರಿ ಕಾಫಿ ಚೆಲ್ಲಿತು.
ಅವನಿಗೆ ಬೇಕಿದ್ದದ್ದು ಬೆಂಕಿ.
ಒರೆಸಿ ಮುಗಿಸುವ ಹೊತ್ತಿಗೆ ಪೆನ್ಸಿಲು ಹಿಡಿದಿದ್ದ, ಎಡಗೈಯಲ್ಲಿ.
ತನ್ನ ಮಂತ್ರಗಳ ಪಟ್ಟಿಯ ತಳದಲ್ಲಿ
ಸೊಟ್ಟ ಅಕ್ಷರದಲ್ಲಿ ಬೆಣ್ಣೆ ಎಂದು ಬರೆದ,
ಬರೆದು, ನಿಯಮದಂತೆ, ಹೊಡೆದುಹಾಕಿದ.
ಮೇಲಿನ ಸಾಲಿನಲ್ಲಿ ಬೆಂಕಿ
ಇನ್ನೂ ಖರ್ಚಾಗದೆ ಇದೆ.

ಏನು ಮಾಡುತ್ತೀ, ಎಂದು ಐಲಿ ನನ್ನ ಕಡೆ ತಿರುಗಿದಳು.
ನಾನು, ಕಳ್ಳ,
ಬೆಣ್ಣೆಯ ನಡುವೆ ನಿಂತಿದ್ದೆ.